ಮರೆತವರಿಗೆ ಮನೆಯೇ ನೆನಪಾಗಲಿ

(ಹುಬ್ಬಳ್ಳಿಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಇಂದಿನ ಗೋಷ್ಠಿಗೆ ದಾಸೋಹ ಎಂಬ ವಿಷಯ ಕೊಟ್ಟಿದ್ದಾರೆ. ದಾಸೋಹ ಅಂದ ಕೂಡಲೆ ನಮಗೆ ಪಂಕ್ತಿ, ಪ್ರಸಾದ, ಜೋಳದ ಚೀಲ ನೆನಪಾಗುತ್ತವೆ. ನಾನು ಹೇಳಲು ಬಂದಿರುವುದು ಬಾಗಿಲು ಮುಚ್ಚಿದ ಮನೆಗಳೊಳಗೆ ನಡೆಯುವ ದಾಸೋಹದ ಬಗ್ಗೆ. ಅದನ್ನು ಮಾಡುವ ಹೆಣ್ಣುಮಕ್ಕಳು ಈ ಗೋಷ್ಠಿಯಲ್ಲಿ ಕಾಣುವುದಿಲ್ಲ. ಬರಬೇಕೆಂದರೂ ಮನೆ ಬಿಟ್ಟು ಬರಲಿಕ್ಕೆ ಆಗುವುದಿಲ್ಲ. ಏಳು ವರ್ಷ ನಾನೂ ಬಂದಿರಲಿಲ್ಲ.

ನಮ್ಮ ಅತ್ತಿಯವರಿಗೆ ಮರೆವಿನ ರೋಗವಿತ್ತು. ವೈದ್ಯರು ಅದನ್ನು ಡಿಮೆನ್ಶಿಯಾ ಅನ್ನುತ್ತಾರೆ. ನಾವು ಅಂದದ್ದು ಅರಳು ಮರಳು. ಆ ಒಂದು ಮಾತು ನಮ್ಮ ಎರಡು ವರ್ಷಗಳನ್ನು ತಿಂದಿತು. ವಯಸ್ಸಾದ ಮೇಲೆ ಹೀಗೇ ಎಂದು ಸುಮ್ಮನೆ ಕೂತೆವು. ಇನ್ನೊಂದು ಅಂಜಿಕೆಯೂ ಇತ್ತು. ನಮ್ಮ ಸೀಮೆಯಲ್ಲಿ ಯಾರಿಗಾದರೂ 'ಧಾರವಾಡಕ್ಕ ಕರಕೊಂಡು ಹೋಗ್ರಿ' ಅಂದರೆ ಅದು ಬೈಗುಳ. ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಚಿಗರಿ ಬಸ್ಸು ಹತ್ತಿದರೆ ಹೆಚ್ಚೆಂದರೆ ಒಂದು ತಾಸಿನ ದಾರಿ. ಜನ ಏನಂದಾರು ಎಂಬ ಅಂಜಿಕೆಗೆ ಆ ಒಂದು ತಾಸಿನ ದಾರಿಗೆ ನಾವು ಎರಡು ವರ್ಷ ತೆಗೆದುಕೊಂಡೆವು.

ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಹೆಚ್ಚು. ಇನ್ನೊಂದು ಮಾತು. ಎಲ್ಲ ಮರೆವೂ ಈ ರೋಗವಲ್ಲ. ಥೈರಾಯ್ಡ್ ತೊಂದರೆ, ಖಿನ್ನತೆ, ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಔಷಧವಿದೆ. ಬಿ12 ಕೊರತೆ ನಮ್ಮಂಥ ಶಾಕಾಹಾರಿಗಳಲ್ಲೇ ಹೆಚ್ಚು. ಆದ್ದರಿಂದ ಗಾದೆ ಹೇಳುತ್ತ ಕೂಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿರಿ.

ಈಗ ನನ್ನ ತಪ್ಪು ಹೇಳುತ್ತೇನೆ. ನಾವು ಹಳೆ ಹುಬ್ಬಳ್ಳಿಯ ಮನೆ ಬಿಟ್ಟು ವಿದ್ಯಾನಗರದ ಕಡೆ ಮೂರನೆಯ ಮಹಡಿಯ ಫ್ಲ್ಯಾಟಿಗೆ ಬಂದೆವು. ಹಳೆಯ ಮನೆಯಲ್ಲಿ ಕಟ್ಟೆ, ಪಡಸಾಲೆ, ಹಿತ್ತಲು ಇದ್ದವು. ಅತ್ತಿಯವರ ತಲೆ ಮರೆತರೂ ಕಾಲು ದಾರಿ ಮರೆತಿರಲಿಲ್ಲ. ಹೊಸ ಮನೆಯಲ್ಲಿ ಬಚ್ಚಲು ಯಾವುದು, ಅಡಿಗೆಮನೆ ಯಾವುದು ಎಂದು ಅವರಿಗೆ ತಿಳಿಯದಾಯಿತು. ಸಂಜೆಯಾದರೆ ಒಂದೇ ಮಾತು: 'ಹೊತ್ತು ಮುಣಗಾಕ ಬಂತು, ಮನಿಗೆ ಹೋಗೂಣು ನಡಿ.' ನಾನು, 'ಇದ ನಮ್ಮ ಮನಿ ಅಲ್ಲೇನ್ರಿ ಅತ್ತಿಯವರ?' ಎಂದು ವಾದ ಮಾಡುತ್ತಿದ್ದೆ. ಒಂದು ದಿನ ಹೊರಟೇ ಹೋದರು. ದೀಪ ಹಚ್ಚುವ ಹೊತ್ತಿಗೆ ಉಣಕಲ್ ಕೆರೆಯ ದಂಡೆಯಲ್ಲಿ ಬರಿಗಾಲಲ್ಲಿ ಸಿಕ್ಕರು.

ಮರುದಿನದಿಂದ ನಾನು ಶಾಲೆಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕತೊಡಗಿದೆ. ಮೂರು ತಿಂಗಳು ಹಾಕಿದೆ. ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಅವರು ಬಾಗಿಲ ಬುಡದಲ್ಲೇ ಕೂತಿದ್ದರು. ಸೀರೆ ಒದ್ದೆಯಾಗಿತ್ತು. ನನ್ನ ಮುಖ ನೋಡಿ, 'ನಾ ಏನ್ ತಪ್ಪ ಮಾಡೇನವಾ?' ಅಂದರು. ಮೂವತ್ತು ವರ್ಷ ಮಕ್ಕಳಿಗೆ ಬಸವಣ್ಣನವರ ದಯೆಯ ಪಾಠ ಹೇಳಿದ ಬಾಯಿ ನನ್ನದು. ಆ ದಿನ ಉತ್ತರ ಬರಲಿಲ್ಲ.

ಆಮೇಲೆ ವೈದ್ಯರು ಒಂದು ವಿಚಾರ ತಿಳಿಸಿದರು. ಅವರ ಮಿದುಳನ್ನು ಮೊದಲಿನಂತೆ ಮಾಡಲು ಆಗದು, ಆದರೆ ಮನೆಯನ್ನು ಅವರಿಗೆ ತಕ್ಕಂತೆ ಮಾಡಬಹುದು ಎಂದು. ನಾವು ಮಾಡಿದ್ದು ಸಣ್ಣ ಸಣ್ಣ ಕೆಲಸ. ಬಚ್ಚಲ ಬಾಗಿಲಿಗೆ ದೊಡ್ಡ ಚಿತ್ರ ಅಂಟಿಸಿ ರಾತ್ರಿಯಿಡೀ ದೀಪ ಬಿಟ್ಟೆವು. ಬಾಗಿಲ ಮುಂದಿನ ಕಪ್ಪು ಕಾಲೊರಸು ಅವರಿಗೆ ತಗ್ಗಿನಂತೆ ಕಂಡು ದಾಟಲು ಅಂಜುತ್ತಿದ್ದರು. ಅದನ್ನು ತೆಗೆದೆವು. ಕನ್ನಡಿಯಲ್ಲಿ ಕಾಣುವ ಮುದುಕಿ ಯಾರೆಂದು ಗಾಬರಿಯಾಗುತ್ತಿದ್ದರು. ಅದಕ್ಕೆ ಬಟ್ಟೆ ಹಾಕಿದೆವು. ಸಂಜೆ ಕತ್ತಲಾಗುವ ಮೊದಲೇ ಎಲ್ಲ ದೀಪ ಹಚ್ಚಿದೆವು. ಗ್ಯಾಸಿನ ರೆಗ್ಯುಲೇಟರು ಬಂದ್ ಮಾಡುವ ರೂಢಿ ಮಾಡಿಕೊಂಡೆವು. ಸೆರಗಿನ ತುದಿಗೆ ನಮ್ಮ ಫೋನ್ ನಂಬರು ಹೊಲಿದೆವು. ಹಳೆಯ ಮನೆಯ ಮಣೆ, ತಂಬಿಗೆ, ಕೌದಿ ತಂದು ಅವರ ಕಣ್ಣಿಗೆ ಬೀಳುವಂತೆ ಇಟ್ಟೆವು. ವಾದ ಬಿಟ್ಟೆವು. 'ಮನಿಗೆ ಹೋಗೂಣು' ಅಂದರೆ, 'ಹೂಂನ್ರಿ, ಹೋಗೂಣ್ರಿ. ಚಾ ಕುಡದ ಹೋಗೂಣು' ಅಂದೆವು. ಚಾ ಕುಡಿಯುತ್ತ ತವರುಮನೆಯ ಬಾವಿಯ ಸುದ್ದಿ ಕೇಳಿದರೆ ಮುಖ ಅರಳುತ್ತಿತ್ತು.

ನಾನು ಅವಧಿಗೆ ಮೊದಲೇ ನಿವೃತ್ತಿ ಪಡೆದೆ. ಎಲ್ಲರಿಗೂ ಅದು ಆಗದು, ಆಗಬೇಕೆಂದೂ ಇಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ನಮ್ಮ ಯಜಮಾನರದು. ತಾಯಿಯ ಸೇವೆ ಸೊಸೆಯ ಕೆಲಸ ಅಂದುಕೊಂಡಿದ್ದವರು ಮುಂಜಾನೆ ಅಂಗಡಿ ತೆರೆಯುವ ಮೊದಲು ತಾಯಿಗೆ ಊಟ ಮಾಡಿಸಿ, ಕೈಹಿಡಿದು ಅಡ್ಡಾಡಿಸುವುದನ್ನು ಕಲಿತರು. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಭಾಷಣ ಮಾಡುವ ನಾವು, ತೊಯ್ದ ಹಾಸಿಗೆ ಬದಲಿಸುವಾಗ ಭೇದ ಮಾಡುತ್ತೇವೆ.

ಒಂದು ಸಂಗತಿ ಮಾತ್ರ ಹೇಳಲೇಬೇಕು. ಅತ್ತಿಯವರು ಗುಂಡಗಡಗಿ ಬಿಚ್ಚಿ ಎಲ್ಲೆಲ್ಲೋ ಬಚ್ಚಿಡುತ್ತಿದ್ದರು. ಒಮ್ಮೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಬಂಧುಗಳು ದೋಷವೆಂದರು, ಪ್ರಾಯಶ್ಚಿತ್ತವೆಂದರು. ನಾವು ಬೈಯಲಿಲ್ಲ. ದಿನಾ ಅದೇ ಹೊತ್ತಿಗೆ ಸ್ನಾನ ಮಾಡಿಸಿ, ಅದೇ ಮಣೆಯ ಮೇಲೆ ಕೂಡಿಸಿ, ವಿಭೂತಿ ಮುಂದಿಟ್ಟೆವು. ಮಗನ ಹೆಸರು ಮರೆತ ಆ ಜೀವ ಮೂರು ಬೆರಳಲ್ಲಿ ವಿಭೂತಿ ಧರಿಸಿ, ಎಡಗೈ ಚಾಚಿ ಲಿಂಗಕ್ಕಾಗಿ ಕಾಯುತ್ತಿತ್ತು. ಹೆಸರು, ಮುಖ, ದಿನವಾರ ಬೇಗ ಅಳಿಸಿಹೋಗುತ್ತವೆ, ಕೈಗೆ ರೂಢಿಯಾದದ್ದು ಬಹಳ ಕಾಲ ಉಳಿಯುತ್ತದೆ. ಜೋಳ ಹಸನು ಮಾಡಲು ಮೊರ ಕೊಟ್ಟರೂ ಹಾಗೆಯೇ, ತಾಸುಗಟ್ಟಲೆ ಸಮಾಧಾನದಿಂದ ಕೂಡುತ್ತಿದ್ದರು. ಬಸವಣ್ಣನವರು ದೇಹವನ್ನೇ ದೇವಾಲಯವೆಂದು ಕಂಡವರು. ಆ ದೇವಾಲಯದ ದೀಪ ಮಂಕಾದಾಗ ಚಿಲಕ ಹಾಕಿ ಹೋಗುವುದು ಭಕ್ತರ ಲಕ್ಷಣವೇ?

ನೆದರ್ಲ್ಯಾಂಡ್ಸಿನಲ್ಲಿ, ಆಮ್ಸ್ಟರ್ಡ್ಯಾಮ್ ಹತ್ತಿರ, ಹೊಗೆವೈಕ್ ಎಂಬ ವಸತಿ 2009ರಲ್ಲಿ ಶುರುವಾಯಿತು. ಅಲ್ಲಿ ಮರೆವಿನ ರೋಗಿಗಳು ಆಸ್ಪತ್ರೆಯ ವಾರ್ಡಿನಲ್ಲಿ ಇರುವುದಿಲ್ಲ. ಬೀದಿ, ಅಂಗಡಿ, ತೋಟ ಇರುವ ಪುಟ್ಟ ಊರಿನಲ್ಲಿ, ಕೆಲವೇ ಜನರ ಮನೆಗಳಲ್ಲಿ ಇರುತ್ತಾರೆ. ಊರಿಗೆ ಆವರಣವಿದೆ, ಅದರೊಳಗೆ ಬೇಕಾದಂತೆ ಅಡ್ಡಾಡಬಹುದು. ಅಷ್ಟು ಹಣ ನಮ್ಮಲ್ಲಿಲ್ಲ. ಆದರೆ ನಮ್ಮಲ್ಲಿ ಮಠಗಳಿವೆ. ಐವತ್ತು ವರ್ಷದಿಂದ ಅದೇ ಅಂಗಳ, ಅದೇ ಗಂಟೆ, ಅದೇ ಪ್ರಸಾದದ ಸಾಲು. ಎಲ್ಲ ಬದಲಾಗಿ ಕಂಗಾಲಾದ ಜೀವಕ್ಕೆ ಬದಲಾಗದ ಜಾಗಕ್ಕಿಂತ ದೊಡ್ಡ ಔಷಧ ಯಾವುದು? ಧಾರವಾಡದ ಮುರುಘಾಮಠದಲ್ಲಿ ಬಡ ಮಕ್ಕಳಿಗೆ ಪ್ರಸಾದ ನಿಲಯ ನಡೆಸಿ ಓದಿಸಿದ ಪರಂಪರೆ ನಮ್ಮದು. ಓದುವ ಮಕ್ಕಳಿಗೆ ತೆರೆದ ಬಾಗಿಲು ಓದಿದ್ದನ್ನೆಲ್ಲ ಮರೆತ ಹಿರಿಯರಿಗೂ ತೆರೆಯಲಿ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ವಾರಕ್ಕೊಂದು ಮಧ್ಯಾಹ್ನ, ಮೂರು ತಾಸು, ಇಂಥ ಹಿರಿಯರನ್ನು ಮಠದ ಪಡಸಾಲೆಯಲ್ಲಿ ಕೂಡಿಸೋಣ. ವಚನ ಹಾಡೋಣ, ಹೂ ಕಟ್ಟಿಸೋಣ, ಪ್ರಸಾದ ಮಾಡಿಸೋಣ. ನಮ್ಮ ಯುವಕರು, ಗಂಡಸರು ಸೇವೆಗೆ ನಿಲ್ಲಲಿ. ಆ ಮೂರು ತಾಸು ಅವರ ಸೊಸೆಯೋ ಮಗಳೋ ನಿದ್ದೆ ಮಾಡಲಿ, ಇಲ್ಲವೆ ಈ ಗೋಷ್ಠಿಗೆ ಬಂದು ಕೂಡಲಿ. ಸಲಹೆ ಬೇಕಾದವರು ಹಿರಿಯರ ಸಹಾಯವಾಣಿ 14567ಕ್ಕೆ, ಆರೈಕೆ ಮಾಡಿ ಮನಸ್ಸು ಸೋತವರು ಟೆಲಿ ಮಾನಸ್ 14416ಕ್ಕೆ ಫೋನು ಮಾಡಿರಿ. ಎರಡಕ್ಕೂ ದುಡ್ಡು ಬೇಡ.

ಅತ್ತಿಯವರು ಲಿಂಗೈಕ್ಯರಾಗುವ ಹೊತ್ತಿಗೆ ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಕೊನೆಯ ವರ್ಷ 'ಮನಿಗೆ ಹೋಗೂಣು' ಅನ್ನುವುದನ್ನು ಬಿಟ್ಟಿದ್ದರು. ಇದೇ ಮನೆ ಎಂದು ಅವರಿಗೆ ಅನಿಸಿತೋ ಏನೋ. ಅನಿಸಿದ್ದರೆ ನನಗೆ ಅಷ್ಟೇ ಸಾಕು.