ಕಹಿ ಬೇರೆ, ಒಗರು ಬೇರೆ: ಉಲ್ಹಾಸನಗರದಲ್ಲಿ ಒಂದು ಎಳೆಯ ಪುಯರ್ ಚಹಾ

(ನಮ್ಮ ವಾಹಿನಿಯಲ್ಲಿ ಬಂದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

ಐರೋಲಿ, ಮಹಾಪೆ, ಘನ್ಸೋಲಿ ಕಡೆ ಕೆಲಸ ಮಾಡ್ಕೊಂಡು ಡೊಂಬಿವಲಿ, ಕಲ್ಯಾಣ, ಉಲ್ಹಾಸನಗರದಲ್ಲಿ ಮನೆ ಹಿಡಿದಿರುವ ನಮ್ಮವರಿಗೆ ಇವತ್ತಿನ ಮಾತು. ಬೇರೆ ಊರಿನವರೂ ಕೇಳಬಹುದು, ಬಾಡಿಗೆ ಮನೆ ಎಲ್ಲ ಕಡೆ ಬಾಡಿಗೆ ಮನೆಯೇ.

ಇಲ್ಲಿ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿರುವ ಒಂದು ಬಿಲ್ಲೆ ಇದೆ, ನೋಡಿ. ಇದು ಚಹಾ. ಊರಿಂದ ಬಂದ ನಮ್ಮಪ್ಪ ಇದನ್ನು ಮೊದಲು ನೋಡಿ "ಬೆರಣಿ ಯಾಕೆ ತಂದಿಟ್ಟುಕೊಂಡಿದ್ದೀಯೋ?" ಅಂದರು. ಆಕಾರ ಹಾಗೇ ಇದೆ, ಏನೂ ಹೇಳೋಕಾಗಲ್ಲ. ಇದಕ್ಕೆ ಪುಯರ್ ಅಂತಾರೆ. ಚೀನಾದ ಯುನ್ನಾನ್ ಪ್ರಾಂತ್ಯದ್ದು. ಎಲೆಯನ್ನು ಬಾಡಿಸಿ, ಬಾಣಲೆಯಲ್ಲಿ ಹದವಾಗಿ ಹುರಿದು, ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ಹಬೆ ಕೊಟ್ಟು ಒತ್ತುತ್ತಾರೆ. ಸಾಂಪ್ರದಾಯಿಕ ಬಿಲ್ಲೆಯ ತೂಕ 357 ಗ್ರಾಂ. ಅಂಥ ಏಳು ಬಿಲ್ಲೆ ಸೇರಿಸಿ ಕಟ್ಟಿದರೆ ಎರಡೂವರೆ ಕಿಲೋದ ಒಂದು ಕಟ್ಟು.

ಇದರಲ್ಲಿ ಎರಡು ಜಾತಿ. ರಾಶಿ ಹಾಕಿ, ನೀರು ಚಿಮುಕಿಸಿ, ಕೆಲವೇ ವಾರಗಳಲ್ಲಿ ಹುದುಗಿಸಿ ಕಪ್ಪು ಮಾಡಿದ್ದು 'ಶೂ', ಅಂದರೆ ಮಾಗಿಸಿದ್ದು. ಆ ವಿಧಾನ ರೂಪುಗೊಂಡಿದ್ದು 1970ರ ದಶಕದಲ್ಲಿ, ಕುನ್‌ಮಿಂಗ್‌ನ ಕಾರ್ಖಾನೆಯಲ್ಲಿ. ಹಾಗೆ ಮಾಡದೆ ಹಸಿಯಾಗಿಯೇ ಒತ್ತಿಟ್ಟಿದ್ದು 'ಶೆಂಗ್'. ನನ್ನ ಹತ್ತಿರ ಇರೋದು ಶೆಂಗ್, ಅದೂ ಒತ್ತಿ ಎರಡೇ ವರ್ಷ ಆಗಿರೋದು. ಅಂದರೆ ಎಳೆಯದು.

ಬಲ್ಲವರು ಏನು ಹೇಳ್ತಾರೆ ಅಂದ್ರೆ, ಎಳೆಯ ಶೆಂಗ್ ಕುಡಿಯಬೇಡಿ, ಇಡಿ. ಹತ್ತು ವರ್ಷ, ಹದಿನೈದು ವರ್ಷ, ಇಪ್ಪತ್ತು ವರ್ಷ. ಗಾಳಿ, ತೇವ, ಸೂಕ್ಷ್ಮಜೀವಿ ಸೇರಿ ನಿಧಾನಕ್ಕೆ ಅದರ ಕಹಿಯನ್ನು ಮೃದು ಮಾಡುತ್ತವೆ, ಬಣ್ಣ ಕಡುವಾಗುತ್ತೆ. ಮಾತು ಸರಿಯೇ. ಹಾಂಗ್‌ಕಾಂಗ್‌ನಲ್ಲಿ, ಮಲೇಷ್ಯಾದಲ್ಲಿ ಹಾಗೆ ಇಟ್ಟು ಶ್ರೀಮಂತರಾದವರಿದ್ದಾರೆ. 2007ರಲ್ಲಿ ಬೆಲೆ ಕುಸಿದಾಗ ಇಟ್ಟುಕೊಂಡು ಮುಳುಗಿದವರೂ ಇದ್ದಾರೆ.

ಈಗ ನನ್ನ ಲೆಕ್ಕ ಕೇಳಿ. ನನ್ನ ಮನೆ ಕರಾರು 11 ತಿಂಗಳದ್ದು. ನಿಮ್ಮಲ್ಲಿ ಹೆಚ್ಚಿನವರದ್ದೂ ಅಷ್ಟೇ ಅಲ್ವಾ? ಸಾಲದ್ದಕ್ಕೆ ನಮ್ಮ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಿ, ಖಾಲಿ ಮಾಡಿ ಅಂತ ಗೇಟಿಗೆ ನೋಟಿಸ್ ಅಂಟಿಸಿದ್ದಾರೆ. ದೀಪಾವಳಿಗೆ ನಾವು ಎಲ್ಲಿರ್ತೀವೋ ಗೊತ್ತಿಲ್ಲ. ಮಗಳ ಶಾಲೆ ಇದೇ ಕಡೆ, ಹೆಂಡತಿಯ ಆಫೀಸು ಠಾಣೆ, ನನ್ನದು ಐರೋಲಿ. ಹದಿನೈದು ವರ್ಷ ಇಡು ಅನ್ನೋ ಚಹಾವನ್ನು ನಾನು ಯಾವ ಅಟ್ಟದ ಮೇಲೆ ಇಡಲಿ? ಊರಲ್ಲಾದರೆ ಅಟ್ಟ ಇದೆ, ಆದರೆ ಅಲ್ಲಿ ನಾನಿಲ್ಲ.

ಅದಕ್ಕೇ ನನ್ನ ವಾದ: ನಮ್ಮಂಥವರು ಎಳೆಯ ಶೆಂಗನ್ನು ಎಳೆಯದಾಗೇ ಕುಡಿಯಬೇಕು. ಕುಡಿಯೋದನ್ನು ಮಾತ್ರ ಸರಿಯಾಗಿ ಕಲಿಯಬೇಕು. ಒಂದು ಲೋಟದಲ್ಲಿ ಎಲೆ ಹಾಕಿ ಐದು ನಿಮಿಷ ಬಿಟ್ಟರೆ ಬೇವಿನ ಕಷಾಯ ಆಗುತ್ತೆ, ಮತ್ತೆ ನೀವು ಆ ಕಡೆ ತಲೆ ಹಾಕಲ್ಲ.

ನಮಗೆ ಫಿಲ್ಟರ್ ಕಾಫಿಯಿಂದ ಬಂದ ಒಂದು ಅಭ್ಯಾಸ ಇದೆ. ಮೊದಲನೇ ಡಿಕಾಕ್ಷನ್ ಬಂದವರಿಗೆ, ಎರಡನೇದು ಮನೆಯವರಿಗೆ, ಮೂರನೇದು ಯಾರಿಗೂ ಬೇಡ. ಇಲ್ಲಿ ಆ ಲೆಕ್ಕ ನಡೆಯಲ್ಲ. ಇಲ್ಲಿ ಮೊದಲನೇದು ಬರೀ ಪರಿಚಯ. ಮಾತು ಶುರುವಾಗೋದು ಮೂರನೇದರಿಂದ.

ಯಾಕೆ ಹೀಗೆ? ನಮ್ಮ ಸ್ಟೇಷನ್ ಹೊರಗಿನ ಕಟಿಂಗ್ ಚಾಯ್ ಸಿಟಿಸಿ ಪುಡಿಯದ್ದು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂದ ಯಂತ್ರ ಅದು. ಎಲೆಯನ್ನು ಅರೆದು, ಹರಿದು, ಗುಂಡಗೆ ಕಾಳು ಮಾಡುತ್ತೆ. ಜೀವಕೋಶಗಳೆಲ್ಲ ಒಡೆದಿರೋದರಿಂದ ಒಂದೇ ಕುದಿಗೆ ಇರೋದೆಲ್ಲ ಹೊರಗೆ ಬರುತ್ತೆ. 8:12ರ ಲೋಕಲ್ ಹಿಡಿಯೋನಿಗೆ ಅದೇ ಸರಿ. ಪುಯರ್‌ನಲ್ಲಿ ಎಲೆ ಹೆಚ್ಚುಕಡಿಮೆ ಇಡಿಯಾಗಿ, ಮಡಿಚಿಕೊಂಡು, ಒತ್ತಿಸಿಕೊಂಡು ಕೂತಿರುತ್ತೆ. ಕಂತು ಕಂತಾಗಿ ಬಿಡುತ್ತೆ. ತಮಾಷೆ ಏನು ಅಂದ್ರೆ ಗಿಡ ಎರಡಕ್ಕೂ ಹತ್ತಿರದ ನೆಂಟಸ್ತನ. ಅಸ್ಸಾಮಿನ ದೊಡ್ಡೆಲೆಯ 'ಅಸ್ಸಾಮಿಕಾ' ತಳಿಯೇ ಯುನ್ನಾನ್‌ನಲ್ಲೂ ಇರೋದು. ಅರುಣಾಚಲ, ಅಸ್ಸಾಮಿನ ಸಿಂಗ್‌ಫೋ ಜನ ಎಲೆಯನ್ನು ಬಿದಿರಿನ ಅಂಡೆಯಲ್ಲಿ ತುರುಕಿ ಒಲೆಯ ಮೇಲೆ ಹೊಗೆಗಿಡುತ್ತಾರೆ, 'ಫಾಲಾಪ್' ಅಂತ. ಅದೂ ಇದರ ದಾಯಾದಿ.

ಸರಿ, ಮಾಡೋಣ. ತೆಳು ಚಾಕುವಿನಿಂದ ಬಿಲ್ಲೆಯ ಅಂಚಿನಿಂದ ಪದರ ಪದರವಾಗಿ ಎಬ್ಬಿಸಿ. ಕುಟ್ಟಬೇಡಿ, ಪುಡಿಯಾದಷ್ಟೂ ಕಹಿ ಜಾಸ್ತಿ. 6 ಗ್ರಾಂ ಎಲೆ, 100 ಮಿಲಿ ನೀರು. ಚೀನೀಯರು ಗೈವಾನ್ ಅನ್ನೋ ಮುಚ್ಚಳದ ಬಟ್ಟಲು ಬಳಸ್ತಾರೆ. ಇಲ್ಲದಿದ್ದರೆ ಸಣ್ಣ ಪಿಂಗಾಣಿ ಬಟ್ಟಲು, ಮೇಲೊಂದು ತಟ್ಟೆ, ಒಂದು ಸೋಸಣಿಗೆ ಸಾಕು. ನೀರು ಕುದಿಸಿದ್ದು. ನಮ್ಮ ಕಡೆ ಬರೋದು ಎಂಐಡಿಸಿ ನೀರು. ಅದನ್ನು ಮಾಮೂಲಿ ಫಿಲ್ಟರ್‌ನಲ್ಲಿ ಹಾಯಿಸಿ ಕುದಿಸಿದರೆ ಚಹಾ ಚೆನ್ನಾಗೇ ಬರುತ್ತೆ. ಆರ್‌ಒ ನೀರಲ್ಲಿ ನನಗೆ ಸಪ್ಪೆ ಅನಿಸುತ್ತೆ. ತಿಂಡಿ ತಿಂದ ಮೇಲೆ ಮಾಡಿ. ಖಾಲಿ ಹೊಟ್ಟೆಗೆ ಎಳೆಯ ಶೆಂಗ್ ಒಳ್ಳೇದಲ್ಲ, ಹೊಟ್ಟೆ ತೊಳಸುತ್ತೆ.

ಮೊದಲ ನೀರು ಐದು ಸೆಕೆಂಡಿಗೆ ಚೆಲ್ಲಿಬಿಡಿ, ಅದು ಎಲೆ ಎಬ್ಬಿಸೋಕೆ. ಈಗ ಮುಚ್ಚಳ ತೆಗೆದು ಮೂಸಿ. ನನ್ನ ಬಿಲ್ಲೆಯಲ್ಲಿ ಮೊದಲು ಬರೋದು ಒಣಹುಲ್ಲಿನ ವಾಸನೆ, ಹಿಂದೆ ಜರ್ದಾಳು ಹಣ್ಣಿನದ್ದು, ಅದರ ಹಿಂದೆ ತೆಳ್ಳಗೆ ಬಚ್ಚಲೊಲೆಯ ಹೊಗೆ. ಹೊಗೆ ಕೆಲವರಿಗೆ ದೋಷ. ಸೌದೆ ಒಲೆಯ ಮೇಲೆ ಹುರಿಯುವಾಗ ಹಿಡಿದುಬಿಡುತ್ತೆ. ನನಗೆ ಇರಲಿ ಅನಿಸುತ್ತೆ.

ಒಂದನೇ ಬಟ್ಟಲು, ಎಂಟು ಸೆಕೆಂಡು. ಬಣ್ಣ ಹೆಸರುಬೇಳೆ ಕಟ್ಟಿನ ತಿಳಿಯ ಹಾಗೆ. ರುಚಿ ಅಂತ ವಿಶೇಷ ಏನಿಲ್ಲ. ಎರಡನೇದರಲ್ಲಿ ನಾಲಿಗೆಯ ಹಿಂಭಾಗಕ್ಕೆ ಏನೋ ಮುಟ್ಟುತ್ತೆ. ಮೂರನೇದು, ನಾಲ್ಕನೇದು ಹೊಡೀತಾವೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಮನೆಯಲ್ಲಿ ಮೂರು ಜನ ಇದನ್ನು ಕುಡಿದರು. ಮಗಳಿಗೆ ಹನ್ನೊಂದು ವರ್ಷ, ಒಂದು ಗುಟುಕು ಕೊಟ್ಟೆ. "ಬಿಟರ್" ಅಂದಳು. ಅಷ್ಟೇ. ಅಪ್ಪ ಶಿರಸಿ ಕಡೆ ಅಡಿಕೆ ತೋಟದವರು. ಬಾಯಲ್ಲಿ ಆಡಿಸಿ, ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಹಿ ಕಮ್ಮಿ. ಒಗರು ಜಾಸ್ತಿ. ಎಳೇ ಅಡಿಕೆ ಅಗಿದ ಹಾಗೆ" ಅಂದರು. ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರು ಆಗುತ್ತಲ್ಲ, ಅದನ್ನು ಆಯುಷ್ಯವೆಲ್ಲ ನೋಡಿದ ಮನುಷ್ಯ.

ಅವರು ಹೇಳಿದ್ದು ಅಕ್ಷರಶಃ ಸರಿ. ಕಹಿ ಒಂದು ರುಚಿ, ನಾಲಿಗೆ ಅದನ್ನು ಗುರುತಿಸುತ್ತೆ. ಒಗರು ಸ್ಪರ್ಶ. ಎಲೆಯ ಪಾಲಿಫಿನಾಲ್‌ಗಳು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಜಾರಿಕೆ ಹೋಗುತ್ತೆ. ಕೆನ್ನೆಯ ಒಳಗೆ, ವಸಡಿಗೆ ಬಟ್ಟೆ ಉಜ್ಜಿದ ಹಾಗಾಗುತ್ತೆ. ಹಾಲು ಹಾಕಿದರೆ ಈ ಪಾಲಿಫಿನಾಲ್ ಹೋಗಿ ಹಾಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತೆ, ಅದಕ್ಕೇ ನಮ್ಮ ಚಾಯ್‌ನಲ್ಲಿ ಒಗರು ಅಷ್ಟಾಗಿ ಸಿಗಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಪದ ಇದೆ, ಆದರೆ ಮಕ್ಕಳು ಆಡೋ ಪದ ಅಲ್ಲ ಅದು. ಮರಾಠಿಯಲ್ಲಿ 'ತುರಟ್' ಇದೆ, ಮಗಳಿಗೆ ಆ ಪದ ಗೊತ್ತಿತ್ತು, ನೆಲ್ಲಿಕಾಯಿಗೆ ಅವಳ ಗೆಳತಿಯರು ಹೇಳ್ತಾರಂತೆ. 'ಒಗರು' ಗೊತ್ತಿರಲಿಲ್ಲ. ಎಲ್ಲಿಂದ ಗೊತ್ತಾಗಬೇಕು? ಹನ್ನೊಂದು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಆ ಪದ ಬಳಸುವ ಸಂದರ್ಭವೇ ಬಂದಿರಲಿಲ್ಲ. ಬಾಳೆದಿಂಡು ಇಲ್ಲ, ಬಾಳೆಹೂವು ಇಲ್ಲ, ಎಳೇ ಗೇರುಹಣ್ಣು ಇಲ್ಲ.

ಒಗರಿನ ಹಿಂದೆ ಬರೋದು ಇನ್ನೊಂದು. ನುಂಗಿ ಒಂದು ನಿಮಿಷ ಬಿಡಿ. ಗಂಟಲಿಂದ ಮೇಲಕ್ಕೆ ಸಿಹಿ ಹತ್ತಿ ಬರುತ್ತೆ. ಚೀನೀಯರು 'ಹುಯ್‌ಗಾನ್' ಅಂತಾರೆ, ಮರಳಿ ಬರುವ ಸಿಹಿ. ನಮಗೆ ವಿವರಿಸೋದೇ ಬೇಡ: ಬೆಟ್ಟದ ನೆಲ್ಲಿಕಾಯಿ ಅಗಿದು ನೀರು ಕುಡಿದರೆ ಏನಾಗುತ್ತೋ ಅದು. ಐದು, ಆರನೇ ಬಟ್ಟಲಲ್ಲಿ ಇದು ಬಹಳ. ಎಳೆಯ ಶೆಂಗ್‌ನಲ್ಲಿ ಕಹಿ ಇದೆಯೋ ಇಲ್ಲವೋ ಅಂತ ನೋಡಬೇಡಿ, ಕಹಿ ಎಷ್ಟು ಬೇಗ ಜಾಗ ಬಿಡುತ್ತೆ ಅಂತ ನೋಡಿ. ನಾಲಿಗೆ ಮೇಲೆ ಕೂತೇ ಇದ್ದರೆ ಆ ಬಿಲ್ಲೆ ಇಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.

ಏಳರಿಂದ ಹೊತ್ತು ಏರಿಸಿ: ಇಪ್ಪತ್ತು ಸೆಕೆಂಡು, ಮೂವತ್ತು, ನಲವತ್ತೈದು. ಕಹಿ ಹಿಂದೆ ಸರಿಯುತ್ತೆ, ಒಗರು ತೆಳುವಾಗುತ್ತೆ, ನೀರು ದಪ್ಪ ಅನಿಸುತ್ತೆ. ಹದಿನೈದು ವರ್ಷದ ಮಾಗುವಿಕೆ ಒಂದೇ ಬೆಳಗ್ಗೆಯಲ್ಲಿ ಸಿಕ್ಕಿತು ಅಂತ ಕೆಲವರು ಬರೀತಾರೆ. ಅದು ಸುಳ್ಳು. ಮಾಗುವುದು ಬೇರೆ, ಕರಗಿ ಖಾಲಿಯಾಗುವುದು ಬೇರೆ. ಹಳೆಯ ಶೆಂಗ್‌ನ ಕರ್ಪೂರದ ವಾಸನೆ, ಹಳೇ ಮರದ ವಾಸನೆ ಇಲ್ಲಿ ಬರಲ್ಲ. ಬೇರೆ ಏನೋ ಬರುತ್ತೆ, ಅದೂ ಸಾಕು.

ಏಳನೇ ಬಟ್ಟಲಿನ ಹೊತ್ತಿಗೆ ಎದುರುಮನೆ ಆಂಟಿ ಪಾಪಡ್ ತಂದರು. ಈ ಊರು ಹುಟ್ಟಿದ್ದೇ ಅವರಂಥವರಿಂದ. ಕಲ್ಯಾಣದ ಹತ್ತಿರ ಯುದ್ಧಕಾಲದ ಮಿಲಿಟರಿ ಕ್ಯಾಂಪ್ ಇತ್ತು, ದೇಶವಿಭಜನೆ ಆದ ಮೇಲೆ ಸಿಂಧ್‌ನಿಂದ ಬಂದವರನ್ನು ಅಲ್ಲಿಟ್ಟರು, 1949ರಲ್ಲಿ ಉಲ್ಹಾಸನಗರ ಅಂತ ಹೆಸರಾಯಿತು. ಇವತ್ತಿಗೂ ವಿಳಾಸ ಕ್ಯಾಂಪ್ ನಂಬರಿನಿಂದಲೇ. ಸಿಂಧಿ ಮನೆಗೆ ಹೋದರೆ ಮೊದಲು ಪಾಪಡ್, ನೀರು. ಆಂಟಿ ಒಂದು ಗುಟುಕು ಕುಡಿದು "ಬೇಟಾ, ಚೀನೀ ಡಾಲನಾ ಭೂಲ್ ಗಯೇ?" ಅಂದರು. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೂ ನಕ್ಕರು. ಆಮೇಲೆ ಇಬ್ಬರೂ ಹತ್ತನೇ ಬಟ್ಟಲಿನವರೆಗೆ ಕೂತರು. ಅವರಿಗೂ ಅದೇ ನೋಟಿಸ್ ಬಂದಿದೆ.

ಕೊಳ್ಳುವವರಿಗೆ ಎರಡು ಮಾತು. 'ಲಾವೋ ಬಾನ್‌ಝಾಂಗ್' ಅಂತ ಹೆಸರು ಹಾಕಿ ಅಗ್ಗಕ್ಕೆ ಕೊಟ್ಟರೆ ನಂಬಬೇಡಿ. ಅದು ಬಹಳ ದುಬಾರಿ ಹಳ್ಳಿ, ಆ ಹೆಸರಲ್ಲಿ ನಕಲಿ ಬಹಳ. 'ಮೇಡ್ ಇನ್ ಯುಎಸ್‌ಎ' ಅಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಅಂತ ನಮ್ಮೂರಿನವರೇ ಜೋಕ್ ಮಾಡ್ತಾರಲ್ಲ, ಹಾಗೆ. ಇನ್ನು ಇಡುವುದು: ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೇ ಬೆವರುತ್ತೆ. ಬಿಲ್ಲೆಯನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಇಡಿ. ಇಂಗು, ಸಾರಿನಪುಡಿ, ಊದುಬತ್ತಿಯಿಂದ ದೂರ. ಬೂಷ್ಟು ಬಂದರೆ ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ.

357ನ್ನು 6ರಿಂದ ಭಾಗಿಸಿದರೆ 59 ಭಾನುವಾರ. ನನ್ನ ಕರಾರಿನಲ್ಲಿ ಅಷ್ಟು ಭಾನುವಾರ ಇಲ್ಲ. ಹಾಗಾಗಿ ಈಗ ವಾರಕ್ಕೆ ಎರಡು ಸಲ, ಒಮ್ಮೆ ಆಂಟಿ ಮನೆಯಲ್ಲಿ.

ಹನ್ನೊಂದನೇದಕ್ಕೆ ಎರಡು ನಿಮಿಷ ಬಿಟ್ಟೆ. ಎಳೇ ಜೋಳದ ತೆನೆ ಬೇಯಿಸಿದ ನೀರಿನ ಹಾಗೆ, ಬರೀ ಸಿಹಿ. ಆಮೇಲೆ ಎಲೆಯನ್ನೆಲ್ಲ ಸಣ್ಣ ಪಾತ್ರೆಗೆ ಹಾಕಿ ಐದು ನಿಮಿಷ ಕುದಿಸಿ, ಇನ್ನೊಂದು ಲೋಟ ಬರುತ್ತೆ. ಕುದಿಸಿದ ಮೇಲೆ ಎಲೆ ತಟ್ಟೆಯಲ್ಲಿ ಹರಡಿ ನೋಡಿ. ತೊಟ್ಟು, ನರ, ಅಂಚಿನ ಹಲ್ಲು ಎಲ್ಲ ಕಾಣುತ್ತೆ. ಮಗಳು ಅದನ್ನು ಬಿಡಿಸಿ ಬಿಡಿಸಿ ಸಾಲಾಗಿ ಜೋಡಿಸಿದಳು. ಒಂದನ್ನು ಅಗಿದು, ಮುಖ ಕಿವುಚಿ, "ಅಜ್ಜಾ, ಇದು ಕಹೀನಾ, ಅದಾ?" ಅಂತ ಕೇಳಿದಳು. ಅಪ್ಪನೂ ಒಂದು ಎಲೆ ಬಾಯಿಗೆ ಹಾಕಿಕೊಂಡರು. ಉಳಿದ ಎಲೆ ತುಳಸಿ ಕುಂಡಕ್ಕೆ.