ವ್ಯಾಪಾರ ಬಂಧನದಿಂದ ಯುದ್ಧ ನಿಲ್ಲುವುದೇ?



ಪರರ ನೆಲದ ಮೇಲೆ ದಂಡೆತ್ತಿ ಹೋಗುವ ರಾಷ್ಟ್ರದೊಡನೆ ಉಳಿದವರೆಲ್ಲರೂ ಕೊಡುವುದು ಕೊಳ್ಳುವುದನ್ನು ನಿಲ್ಲಿಸಿದರೆ, ಅದು ರಕ್ತಪಾತವಿಲ್ಲದೆಯೇ ದಾರಿಗೆ ಬರುವುದೆಂಬ ಭಾವನೆ ಬಹು ಆಕರ್ಷಕವಾದುದು. ತಪ್ಪಿತಸ್ಥನಿಗೆ ನೀರು ಬೆಂಕಿಗಳನ್ನು ನಿಲ್ಲಿಸುತ್ತಿದ್ದ ನಮ್ಮ ಹಳ್ಳಿಗಳ ಬಹಿಷ್ಕಾರವೂ ಇದೇ ಜಾತಿಯದು. 1919ರಲ್ಲಿ ರಾಷ್ಟ್ರಸಂಘದ ಒಡಂಬಡಿಕೆಯನ್ನು ರಚಿಸಿದವರು ಅದರ 16ನೆಯ ವಿಧಿಯಲ್ಲಿ ಈ ಉಪಾಯವನ್ನೇ ಮುಖ್ಯ ಆಯುಧವಾಗಿ ಇರಿಸಿದರು. ಪ್ರಬಲ ರಾಷ್ಟ್ರವೊಂದರ ಮೇಲೆ ಸಂಘವು ಅದನ್ನು ಪ್ರಯೋಗಿಸಿದುದು ಒಂದೇ ಸಲ. ಆದುದರಿಂದ ಆ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1935ನೆಯ ಅಕ್ಟೋಬರ್ 3ರಂದು ಇಟಲಿಯ ಸೇನೆಯು ಅಬಿಸೀನಿಯವನ್ನು, ಎಂದರೆ ಇಂದಿನ ಇಥಿಯೋಪಿಯವನ್ನು, ಹೊಕ್ಕಿತು. ಸಂಘವು ಕೆಲವೇ ದಿನಗಳಲ್ಲಿ ಇಟಲಿಯನ್ನು ಅಪರಾಧಿಯೆಂದು ಸಾರಿತು. ನವೆಂಬರ್ 18ರಿಂದ ಸುಮಾರು ಐವತ್ತು ರಾಷ್ಟ್ರಗಳು ಇಟಲಿಗೆ ಆಯುಧಗಳನ್ನೂ ಸಾಲವನ್ನೂ ನಿಲ್ಲಿಸಿದುವು. ಅಲ್ಲಿಯ ಸರಕನ್ನು ಕೊಳ್ಳುವುದನ್ನು ಬಿಟ್ಟುವು. ಇಟಲಿಗೆ ಮಾರಬಾರದ ವಸ್ತುಗಳ ಪಟ್ಟಿಯೊಂದು ಸಿದ್ಧವಾಯಿತು. ಅದರಲ್ಲಿ ರಬ್ಬರು, ತವರ, ನಿಕ್ಕಲುಗಳಿದ್ದುವು. ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳೂ ಇದ್ದುವು. ಕಬ್ಬಿಣದ ಅದಿರು ಇತ್ತು, ಉಕ್ಕು ಇರಲಿಲ್ಲ. ಕಲ್ಲಿದ್ದಲು ಇರಲಿಲ್ಲ. ಪೆಟ್ರೋಲೂ ಇರಲಿಲ್ಲ! ಹೇಸರಗತ್ತೆಯನ್ನು ತಡೆದು ಮೋಟಾರು ಲಾರಿಗೂ ವಿಮಾನಕ್ಕೂ ಎಣ್ಣೆಯನ್ನು ಬಿಟ್ಟ ಈ ವಿವೇಕವನ್ನು ಏನೆನ್ನೋಣ?

ಇದು ಮರೆವಿನಿಂದಾದುದಲ್ಲ. ಎಣ್ಣೆಯನ್ನು ನಿಲ್ಲಿಸಿದರೆ ಮುಸೊಲಿನಿ ಯುದ್ಧಕ್ಕೇ ನಿಲ್ಲುವನೆಂದು ಬ್ರಿಟನ್ನೂ ಫ್ರಾನ್ಸೂ ಅಂಜಿದುವು. ಹಿಟ್ಲರನೆದುರಿಗೆ ಇಟಲಿಯ ಸ್ನೇಹ ಫ್ರಾನ್ಸಿಗೆ ಬೇಕಾಗಿತ್ತು. ಅಮೆರಿಕವು ಸಂಘದ ಹೊರಗಿದ್ದಿತು. ಅಲ್ಲಿಯ ವರ್ತಕರ ಎಣ್ಣೆ ಇಟಲಿಗೆ ಹೆಚ್ಚಾಗಿಯೇ ಹೋಯಿತು. ಇಟಲಿಯ ದಂಡು ಸೂಯೆಜ್ ಕಾಲುವೆಯಲ್ಲಿ ಸುಂಕ ತೆತ್ತು ನಿರಾತಂಕವಾಗಿ ಸಾಗಿತು. ಡಿಸೆಂಬರಿನಲ್ಲಿ ಬ್ರಿಟನ್ನಿನ ಹೋರ್ ಮತ್ತು ಫ್ರಾನ್ಸಿನ ಲವಾಲ್ ಇಬ್ಬರೂ ಸೇರಿ ಅಬಿಸೀನಿಯದ ಬಹುಭಾಗವನ್ನು ಆಕ್ರಮಣಕಾರನಿಗೇ ಒಪ್ಪಿಸುವ ಯೋಜನೆಯನ್ನು ಹೂಡಿದರು. ಅದು ಬಯಲಾಗಿ ಹೋರ್ ರಾಜೀನಾಮೆಯಿತ್ತನು.

ಬಂಧನದ ನೋವು ಜನರನ್ನು ಆಳುವವನ ಮೇಲೆ ತಿರುಗಿಸುವುದೆಂಬ ಎಣಿಕೆಯೂ ತಲೆಕೆಳಗಾಯಿತು. ಅದೇ ಡಿಸೆಂಬರ್ 18ರಂದು ರಾಣಿ ಎಲೆನಾ ಮೊದಲಾಗಿ ಇಟಲಿಯ ಹೆಂಗಸರು ತಮ್ಮ ಮದುವೆಯುಂಗುರಗಳನ್ನು ಯುದ್ಧಕ್ಕೆ ಕಾಣಿಕೆಯಾಗಿ ಇತ್ತರು. ಅರೆಮನಸ್ಸಿನ ಶಿಕ್ಷೆ ಅಪರಾಧಿಗೆ ಅಭಿಮಾನವನ್ನು ಊಡಿತು. ಅತ್ತ ಅಬಿಸೀನಿಯರ ಮೇಲೆ ವಿಷಾನಿಲ ಸುರಿಯುತ್ತಿದ್ದಿತು. 1936ರ ಮೇ 5ರಂದು ಆಡಿಸ್ ಅಬಾಬ ಬಿದ್ದಿತು. ಜುಲೈ 15ಕ್ಕೆ ಬಂಧನವನ್ನು ತೆಗೆದರು.

ಎಣ್ಣೆಯನ್ನು ತಡೆದಿದ್ದರೆ ಒಂದು ವಾರದಲ್ಲಿ ಹಿಂದೆಗೆಯಬೇಕಾಗುತ್ತಿತ್ತೆಂದು ಮುಸೊಲಿನಿಯು 1938ರಲ್ಲಿ ಹಿಟ್ಲರನಿಗೆ ಹೇಳಿದನೆಂದು ದ್ವಿಭಾಷಿ ಸ್ಮಿಟ್ ಬರೆದಿದ್ದಾನೆ. ಹಾಗಾದರೆ ಎಣ್ಣೆಯೇ ಸಿದ್ಧೌಷಧವೋ? ಅಷ್ಟು ಸುಲಭವಲ್ಲ. ಚೀನದಲ್ಲಿ ಕಾದುತ್ತಿದ್ದ ಜಪಾನಿಗೆ ಅಮೆರಿಕವು 1941ರ ಬೇಸಗೆಯಲ್ಲಿ ಎಣ್ಣೆಯನ್ನು ನಿಲ್ಲಿಸಿತು. ಜಪಾನು ಚೀನವನ್ನು ಬಿಡಲಿಲ್ಲ. ಸಂಗ್ರಹ ಬರಿದಾಗುವ ಮುನ್ನವೇ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಎರಗಿತು. ನಿಜವಾಗಿ ನಾಟುವ ಬಂಧನವನ್ನು ಹಾಕುವವನು ಅದರ ಮಾರನೆಯ ದಿನಕ್ಕೂ ಸಿದ್ಧನಾಗಿರಬೇಕು. ಜಿನೀವದಲ್ಲಿ ಕುಳಿತವರು ಹಾಗೆ ಸಿದ್ಧರಿರಲಿಲ್ಲ. 1945ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಸನ್ನದನ್ನು ಬರೆದವರು 41ನೆಯ ವಿಧಿಯಲ್ಲಿ ವ್ಯಾಪಾರ ಬಂಧನವನ್ನು ಹೇಳಿ, ಅದು ಸಾಲದೆ ಹೋದರೆ ಸೈನ್ಯಬಲವೆಂದು ಅದರ ಬೆನ್ನಿಗೇ 42ನೆಯದನ್ನು ಬರೆದರು.