ತೊಂಬತ್ತೊಂಬತ್ತರ ಲೆಕ್ಕ, ಒಂದರ ಹುಡುಕಾಟ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವರ್ಷಾಂತ್ಯದ ಶಾಲಾ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)

ಪೂಜ್ಯ ಗುರುಗಳೇ, ಧರ್ಮಭಗಿನಿಯರೇ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳಿಂದ ಆಗಮಿಸಿರುವ ಶಿಕ್ಷಕ ಬಂಧುಗಳೇ, ತಂದೆ-ತಾಯಿಗಳೇ, ಮುದ್ದು ಮಕ್ಕಳೇ,

ಶಾಲೆಯ ವರ್ಷ ಮುಗಿಯಿತು. ಪ್ರಗತಿಪತ್ರಗಳು ಮನೆ ಸೇರಿವೆ. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆದು ಫಲಿತಾಂಶದ ದಾರಿ ನೋಡುತ್ತಿದ್ದಾರೆ. ಈಗ ತಾನೇ ಒಬ್ಬೊಬ್ಬ ಮುಖ್ಯೋಪಾಧ್ಯಾಯರೂ ತಮ್ಮ ಶಾಲೆಯ ವರದಿಯನ್ನು ಓದಿದರು. ಓಟದಲ್ಲಿ ಗೆದ್ದವರು, ಪ್ರಬಂಧದಲ್ಲಿ ಬಹುಮಾನ ಪಡೆದವರು, ಒಂದು ದಿನವೂ ತಪ್ಪದೆ ಶಾಲೆಗೆ ಬಂದವರು ಈ ವೇದಿಕೆಯನ್ನೇರಿ ಇಳಿದರು. ಅವರೆಲ್ಲರನ್ನೂ ಹೃತ್ಪೂರ್ವಕವಾಗಿ ಅಭಿನಂದಿಸುತ್ತೇನೆ. ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಅಂಗಳದಲ್ಲಿ ಮಕ್ಕಳ ಕಲರವ ಕೇಳುವುದಕ್ಕಿಂತ ಮಿಗಿಲಾದ ಉತ್ಸವ ಬೇರೊಂದಿಲ್ಲ. ಆದರೆ ಅಭಿನಂದನೆಯೊಡನೆ ಒಂದು ಪ್ರಶ್ನೆಯನ್ನೂ ತಮ್ಮ ಮುಂದಿಡಬೇಕಾಗಿದೆ.

ಅದಕ್ಕೆ ಮೊದಲು, ನಾವು ಎಂಥ ನೆಲದಲ್ಲಿ ನಿಂತಿದ್ದೇವೆ ಎಂಬುದನ್ನು ನೆನೆಯೋಣ. ರಾಯಬಾಗವು ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಛತ್ರಪತಿ ಶಾಹೂ ಮಹಾರಾಜರು 1917ರಲ್ಲಿಯೇ ತಮ್ಮ ಪ್ರಜೆಗಳ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ದೇಶಕ್ಕೆಲ್ಲ ಅಂಥ ಶಾಸನ ಜಾರಿಗೆ ಬಂದದ್ದು 2010ರಲ್ಲಿ. ನಡುವೆ ಸುಮಾರು ಒಂದು ಶತಮಾನ ಕಳೆದಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಜನ ಸಪ್ತರ್ಷಿಗಳೆಂದು ಕರೆದರು. ಅವರಲ್ಲೊಬ್ಬರ ಮನೆತನದ ಹೆಸರೇ ಚಿಕ್ಕೋಡಿ. ನಮ್ಮ ಸಭೆಯವರೂ ಬೆಳಗಾವಿಯಲ್ಲಿ ಸಂತ ಪೌಲರ ಶಾಲೆಯನ್ನು 1856ರಲ್ಲಿಯೇ ತೆರೆದಿದ್ದರು. ಬೆಳಗಾವಿ ಧರ್ಮಕ್ಷೇತ್ರವು 1953ರಲ್ಲಿ ಸ್ಥಾಪಿತವಾಯಿತು. ಹೀಗೆ ಅರಸರು, ಶರಣ ಪರಂಪರೆಯವರು, ಗುರುಗಳು, ಧರ್ಮಭಗಿನಿಯರು, ಸರ್ಕಾರಿ ಶಾಲೆಯ ಮಾಸ್ತರರು ಎಲ್ಲರೂ ಒಂದೇ ಹೊಲವನ್ನು ಉತ್ತಿದ್ದಾರೆ. ಕಥೋಲಿಕರಾದ ನಾವು ಈ ಐದು ತಾಲೂಕುಗಳಲ್ಲಿ ಸಂಖ್ಯೆಯಿಂದ ಅಲ್ಪರು. ನಮ್ಮ ಹಿರಿಮೆ ಸಂಖ್ಯೆಯಲ್ಲಿ ಇರಲಾರದು. ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ಬಗೆಯಲ್ಲಿ ಇರಬೇಕು.

ಈಗ ಫಲಿತಾಂಶದ ಮಾತಿಗೆ ಬರೋಣ. ತಮಗೆ ತಿಳಿದಿರುವಂತೆ ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ನಮ್ಮ ಐದು ತಾಲೂಕುಗಳು ಗೋಕಾಕ, ಹುಕ್ಕೇರಿ, ಮೂಡಲಗಿಗಳೊಡನೆ ಚಿಕ್ಕೋಡಿಗೆ ಸೇರಿವೆ. 2017ರಲ್ಲಿಯೂ 2018ರಲ್ಲಿಯೂ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಚಿಕ್ಕೋಡಿಯು ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದಾಗ ನಾವೆಲ್ಲ ಎದೆಯುಬ್ಬಿಸಿ ನಡೆದೆವು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದಿತು, ನಿಗಾ ಬಿಗಿಯಾಯಿತು. ಹಿಂದಿನ ವರ್ಷ ನೂರಕ್ಕೆ 83.89ರಷ್ಟಿದ್ದ ರಾಜ್ಯದ ಫಲಿತಾಂಶ, ಕೃಪಾಂಕಗಳನ್ನು ಹೆಚ್ಚಿಸಿ ಕೊಟ್ಟ ಮೇಲೆಯೂ 73.40ಕ್ಕೆ ಇಳಿಯಿತು. ಚಿಕ್ಕೋಡಿಯು 69.82ರೊಡನೆ 35 ಜಿಲ್ಲೆಗಳಲ್ಲಿ 25ನೆಯದಾಗಿ ನಿಂತಿತು.

ಇದನ್ನು ಕೇಳಿ ಅನೇಕರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ಪ್ರಾಮಾಣಿಕವಾದ ಅರವತ್ತೊಂಬತ್ತು, ಸಂಶಯದ ತೊಂಬತ್ತಕ್ಕಿಂತ ಮೇಲು. ಕಾಯಿಲೆ ಎಲ್ಲಿದೆ ಎಂದು ತಿಳಿದರೆ ತಾನೇ ಔಷಧ ಕೊಡಲು ಸಾಧ್ಯ? ಆದರೆ ನನ್ನನ್ನು ಕಾಡಿದ್ದು ಬೇರೆಯೇ ಒಂದು ಸಂಗತಿ. ಸ್ಥಾನ ಏರಿದಾಗಲೂ ಇಳಿದಾಗಲೂ ನಾವು ಎಣಿಸಿದ್ದು ಪರೀಕ್ಷೆಗೆ ಕುಳಿತವರನ್ನು ಮಾತ್ರ. ಕುಳಿತುಕೊಳ್ಳಲೇ ಇಲ್ಲದವರನ್ನು ಯಾವ ಶೇಕಡಾ ಲೆಕ್ಕವೂ ಹೇಳುವುದಿಲ್ಲ.

ಈ ಮಾತನ್ನು ಇತರರ ಮೇಲೆ ಬೆರಳು ತೋರಿಸಿ ಹೇಳುತ್ತಿಲ್ಲ. ನನ್ನ ತಪ್ಪೊಪ್ಪಿಗೆಯೆಂದೇ ತಾವು ಭಾವಿಸಬೇಕು. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಒಂದು ಪ್ರೌಢಶಾಲೆಯ ಆಡಳಿತದ ಹೊಣೆ ನನ್ನ ಮೇಲಿತ್ತು. ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಬರಬೇಕೆಂಬ ಹಟ ನನಗೆ. ಒಂಬತ್ತನೆಯ ತರಗತಿಯ ಕೊನೆಯಲ್ಲಿ ಓದಿನಲ್ಲಿ ಹಿಂದುಳಿದ ಆರು ಮಕ್ಕಳ ತಂದೆಗಳನ್ನು ಕರೆಸಿ, 'ಮಗನನ್ನು ಬೇರೆ ಶಾಲೆಗೆ ಸೇರಿಸಿದರೆ ಅವನಿಗೇ ಒಳ್ಳೆಯದು' ಎಂದು ಮೃದುವಾಗಿ ಹೇಳಿ, ವರ್ಗಾವಣೆ ಪತ್ರ ಬರೆಸಿಕೊಟ್ಟೆ. ಅವರು ಕೈಮುಗಿದು ಹೋದರು. ಮುಂದಿನ ವರ್ಷ ನಮ್ಮ ಫಲಿತಾಂಶ ನೂರಕ್ಕೆ ನೂರು ಬಂತು, ಸನ್ಮಾನವೂ ನಡೆಯಿತು. ಆ ಆರು ಮಕ್ಕಳು ಯಾವ ಶಾಲೆಗೆ ಸೇರಿದರೆಂದು ನಾನು ವಿಚಾರಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಬ್ಬಿನ ಹಂಗಾಮಿನ ಒಂದು ಸಂಜೆ, ರಸ್ತೆಯ ಬದಿಯಲ್ಲಿ ಬಸ್ಸಿಗಾಗಿ ನಿಂತಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನನ್ನ ಮುಂದೆ ನಿಂತಿತು. ಚಾಲಕ ಇಳಿದು ಬಂದು, "ನಮಸ್ಕಾರ್ರಿ ಫಾದರ್, ಗುರ್ತ ಸಿಗಲಿಲ್ಲೇನ್ರಿ? ನಾ ನಿಮ್ಮ ಸಾಲ್ಯಾಗ ಒಂಬತ್ತನೇತ್ತಾ ತನಕ ಕಲ್ತೇನ್ರಿ" ಎಂದ. ಆ ಆರು ಜನರಲ್ಲಿ ಅವನೊಬ್ಬ. ಅವನ ಮುಖದಲ್ಲಿ ಕೋಪವಿರಲಿಲ್ಲ. ಈಗ ತನ್ನ ಮಗಳು ಐದನೆಯ ತರಗತಿಯಲ್ಲಿದ್ದಾಳೆ, ಅವಳಿಗೆ ಆಶೀರ್ವಾದ ಮಾಡಿರಿ ಎಂದು ಕೇಳಿದ. "ಅಕೀನ್ನರೆ ಹತ್ತನೇತ್ತಾ ಪಾಸ್ ಮಾಡಸ್ಬೇಕ್ರಿ" ಎಂದ. ನನಗೆ ಮಾತು ಹೊರಡಲಿಲ್ಲ. ನಾನು ಯಾವ ನೂರಕ್ಕೆ ನೂರನ್ನು ಸಂಪಾದಿಸಿದ್ದೆನೋ ಅದರಲ್ಲಿ ಆರು ಕಡಿಮೆಯಿತ್ತೆಂದು ಅಂದು ತಿಳಿಯಿತು.

ಪ್ರಿಯರೇ, ನಮ್ಮ ಸ್ವಾಮಿ ಯೇಸು ಹೇಳಿದ ಸಾಮತಿಯ ಕುರುಬನಿಗೆ ನಮ್ಮ ಲೆಕ್ಕ ಗೊತ್ತಿರಲಿಲ್ಲ. ತೊಂಬತ್ತೊಂಬತ್ತು ಕುರಿಗಳು ಕ್ಷೇಮವಾಗಿದ್ದರೆ ನಾವು ಪತ್ರಿಕೆಯಲ್ಲಿ ಹಾಕಿಸಿ ಹಿಗ್ಗುತ್ತೇವೆ. ಅವನು ಒಂದನ್ನು ಹುಡುಕಿಕೊಂಡು ಹೊರಟ. ಅದು ಸಿಕ್ಕಾಗ ಹೆಗಲ ಮೇಲೆ ಹೊತ್ತು ತಂದು ನೆರೆಹೊರೆಯವರನ್ನು ಕರೆದು ಸಂತೋಷಪಟ್ಟ. ಕಥೋಲಿಕ ಶಾಲೆ ಎಂಬ ಹೆಸರಿಗೆ ಅರ್ಥವಿದ್ದರೆ ಅದು ಇಲ್ಲಿಯೇ ಇದೆ.

ಹಾಗಾದರೆ ನಮ್ಮ ಭಾಗದಲ್ಲಿ ತಪ್ಪಿಹೋಗುವ ಆ ಒಂದು ಕುರಿ ಯಾರು?

ಮೊದಲನೆಯದಾಗಿ, ಕಬ್ಬು ಕಡಿಯುವವರ ಮಕ್ಕಳು. ಸಕ್ಕರೆ ಕಾರ್ಖಾನೆಗಳ ಹೊಗೆ ಏಳುತ್ತಲೇ ಬೀಡ್ ಕಡೆಯಿಂದಲೂ ವಿಜಯಪುರದ ಕಡೆಯಿಂದಲೂ ಗ್ಯಾಂಗುಗಳು ಬಂದು ನಮ್ಮ ಹೊಲಗಳ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ಹಂಗಾಮು ಮುಗಿಯುವುದರೊಳಗೆ ಶಾಲೆಯ ವರ್ಷದ ಅರ್ಧ ಕಳೆದಿರುತ್ತದೆ. ಆ ಮಗುವಿನ ಹೆಸರು ತನ್ನ ಊರಿನ ಹಾಜರಿ ಪುಸ್ತಕದಲ್ಲಿದೆ, ಮಗು ಮಾತ್ರ ನಮ್ಮೂರಿನಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿದೆ.

ಎರಡನೆಯದಾಗಿ, ನದೀತೀರದ ಮಕ್ಕಳು. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಶಾಲೆಗಳೇ ಗಂಜಿ ಕೇಂದ್ರಗಳಾದವು. 2021ರ ಜುಲೈಯಲ್ಲಿ ಮತ್ತೆ ಹೊಳೆ ಬಂತು. ಮನೆ ಬಿದ್ದವನ ಮೊದಲ ಚಿಂತೆ ಗೋಡೆಯದು, ಪುಸ್ತಕದ್ದಲ್ಲ. ಹೀಗೆ ಬಿಟ್ಟ ಓದನ್ನು ಮತ್ತೆ ಹಿಡಿಯದವರೂ ಉಂಟು.

ಮೂರನೆಯದಾಗಿ, ನಿಪ್ಪಾಣಿಯಂಥ ಗಡಿಯ ಊರುಗಳಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷು ಎಂಬ ಮಕ್ಕಳು. ಇವರಲ್ಲಿ ತಂಬಾಕು, ಬೀಡಿಗಳ ಕೆಲಸದಿಂದ ಬದುಕುವ ತಾಯಂದಿರ ಮಕ್ಕಳೂ ಇದ್ದಾರೆ. ಭಾಷೆ ತಿಳಿಯದೆ ಸುಮ್ಮನಿರುವ ಮಗುವನ್ನು ದಡ್ಡನೆಂದು ಭಾವಿಸುವ ತಪ್ಪನ್ನು ನಾವು ಮಾಡಬಾರದು.

ನಾಲ್ಕನೆಯದಾಗಿ, ನಮ್ಮ ಹೆಣ್ಣುಮಕ್ಕಳು. 2024ರ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ನೂರಕ್ಕೆ 81 ಮಂದಿ ತೇರ್ಗಡೆಯಾದರೆ, ಹುಡುಗರಲ್ಲಿ ಸುಮಾರು 66 ಮಂದಿ ಮಾತ್ರ. ಇಷ್ಟು ಚೆನ್ನಾಗಿ ಓದುವ ಹುಡುಗಿಯ ಮದುವೆಯ ಮಾತು ಇದೇ ಬೇಸಗೆಯ ರಜೆಯಲ್ಲಿ ಏಳುತ್ತದೆ. ತಂದೆಗಳೇ, ಹದಿನೆಂಟು ತುಂಬದ ಮಗಳ ಮದುವೆ ಕಾನೂನಿಗೆ ವಿರುದ್ಧ, ದೇವರಿಗೂ ಒಪ್ಪದ ಕಾರ್ಯ. ನನ್ನ ಬಳಿ ಅಂಥ ವಿವಾಹಕ್ಕೆ ದಯವಿಟ್ಟು ಬರಬೇಡಿರಿ.

ಇನ್ನು, ಮಾಡಬೇಕಾದದ್ದೇನು? ಮಾತು ಸಾಕು, ಕೆಲಸವನ್ನು ಹೇಳುತ್ತೇನೆ. ಕೆಲವೇ ದಿನಗಳಲ್ಲಿ ಫಲಿತಾಂಶ ಬರುತ್ತದೆ. ಆ ದಿನ ಉತ್ತೀರ್ಣರಾದವರ ಮನೆಗೆ ಪೇಢೆ ತೆಗೆದುಕೊಂಡು ಹೋಗುವವರು ಬಹಳ. ನಮ್ಮ ಯುವಜನರೂ ತಾಯಂದಿರ ಸಂಘದವರೂ ಅನುತ್ತೀರ್ಣರಾದವರ ಮನೆಗೆ ಮೊದಲು ಹೋಗಲಿ. ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಮೊದಲನೆಯದರಲ್ಲಿ ತಪ್ಪಿದವರು ಎರಡನೆಯದನ್ನು ಬರೆಯಬಹುದು. ಈ ಸಂಗತಿಯನ್ನು ತಿಳಿಸುವವರಿಲ್ಲದೆ, ಅರ್ಜಿ ತುಂಬಿಸುವವರಿಲ್ಲದೆ ಎಷ್ಟೋ ಮಕ್ಕಳು ಕಾರ್ಖಾನೆಯ ದಾರಿ ಹಿಡಿಯುತ್ತಾರೆ. ರಜೆಯಲ್ಲಿ ಧರ್ಮಕೇಂದ್ರದ ಸಭಾಂಗಣದ ಬಾಗಿಲು ಬೆಳಿಗ್ಗೆಯಿಂದ ತೆರೆದಿರುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷು ಹೇಳಿಕೊಡಬಲ್ಲವರು ದಿನಕ್ಕೆ ಒಂದು ಗಂಟೆ ಕೊಡಿರಿ. ಮಗು ಯಾವ ಶಾಲೆಯದು, ಯಾವ ಧರ್ಮದ್ದು ಎಂದು ಬಾಗಿಲಲ್ಲಿ ಯಾರೂ ಕೇಳಕೂಡದು.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಬರುವ ವರ್ಷ ಇದೇ ವೇದಿಕೆಯಲ್ಲಿ ತಾವು ವರದಿ ಓದುವಾಗ, ಮೊದಲ ಸಾಲಿನಲ್ಲಿ ರ‍್ಯಾಂಕು ಬೇಡ. ಜೂನ್ ತಿಂಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿದ್ದವು, ಏಪ್ರಿಲ್‌ನಲ್ಲಿ ಎಷ್ಟು ಉಳಿದವು, ಹೋದವರು ಎಲ್ಲಿಗೆ ಹೋದರು, ಎಷ್ಟು ಜನರನ್ನು ಮರಳಿ ಕರೆತಂದೆವು ಎಂಬುದನ್ನು ಮೊದಲು ಓದಿರಿ. ಆಮೇಲೆ ಶೇಕಡಾ ಎಷ್ಟೇ ಇರಲಿ, ನಾನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ನಮ್ಮ ದೇವಾಲಯಕ್ಕೆ ನೂರು ತುಂಬಿತು. ಆ ನೂರರಲ್ಲಿ ಯಾರೂ ಕಡಿಮೆಯಾಗದಿರಲಿ. ದೇವರು ತಮ್ಮೆಲ್ಲರನ್ನೂ, ಇಲ್ಲಿರುವ ಮಕ್ಕಳನ್ನೂ, ಇಂದು ಇಲ್ಲಿಗೆ ಬಾರದ ಮಕ್ಕಳನ್ನೂ ಹರಸಲಿ.